ಫ್ಲೋರಿಡಾದ ಮನೆಯಂಗಳಕ್ಕೆ ಕಲ್ಲು ಹಾಸಿಸುವ ಮುನ್ನ: ಹೊಸಬರಿಗೆ ಮಾರ್ಗದರ್ಶಿ

ಫ್ಲೋರಿಡಾದಲ್ಲಿ ಸ್ವಂತ ಮನೆ ಕೊಂಡ ನಮ್ಮವರು ಮೊದಲು ಕೈಹಾಕುವ ಕೆಲಸಗಳಲ್ಲಿ ಹಿತ್ತಲಿನ ಪ್ಯಾಟಿಯೊ, ಡ್ರೈವ್‌ವೇಗೆ ಪೇವರ್ (ನೆಲಕ್ಕೆ ಹಾಸುವ ಕಲ್ಲು), ಮನೆಯ ಬದಿಯ ಕಾಲುದಾರಿ ಮತ್ತು ಸಣ್ಣ ತಡೆಗೋಡೆ ಸೇರಿರುತ್ತವೆ. ಬಿಲ್ಡರ್ ಬಿಟ್ಟುಹೋದ ಸಣ್ಣ ಕಾಂಕ್ರೀಟ್ ಚಪ್ಪಡಿಯ ಆಚೆ ಬರೀ ಹುಲ್ಲು ಇರುವುದರಿಂದ, ನಾಲ್ಕು ಜನ ಕೂರುವಷ್ಟು ಜಾಗವಾದರೂ ಬೇಕೆನಿಸುವುದು ಸಹಜವೇ. ಆದರೆ ಸಲಹೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರ ಪ್ರಶ್ನೆ ಕಲ್ಲಿನ ಬಣ್ಣ ಮತ್ತು ಚದರಡಿಯ ದರದ ಬಗ್ಗೆ ಇರುತ್ತದೆಯೇ ಹೊರತು ಕಲ್ಲಿನ ಕೆಳಗೆ ಏನು ಹಾಕುತ್ತಾರೆ, ಮಳೆಯ ನೀರು ಎಲ್ಲಿಗೆ ಹೋಗುತ್ತದೆ ಎಂಬುದರ ಬಗ್ಗೆ ಇರುವುದಿಲ್ಲ. ಈ ರಾಜ್ಯದ ಬಹುಭಾಗದಲ್ಲಿ ವರ್ಷಕ್ಕೆ 50 ಇಂಚಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಧ್ಯಾಹ್ನಗಳಲ್ಲಿ ಗುಡುಗಿನೊಂದಿಗೆ ಧಾರಾಕಾರವಾಗಿ ಸುರಿಯುತ್ತದೆ. ಇಂಥ ಕಡೆ ಕಲ್ಲು ಕೆಡುವುದು ಅಪರೂಪ, ಕೆಡುವುದು ಅದರ ಕೆಳಗಿನ ಪಾಯ. ಆದ್ದರಿಂದ ಕೆಲಸ ಮುಗಿದ ಮೇಲೆ ಯಾವ ಭಾಗ ಕಣ್ಣಿಗೆ ಕಾಣುವುದಿಲ್ಲವೋ ಆ ಭಾಗದ ಕುರಿತೇ ಕಂಟ್ರಾಕ್ಟರನ್ನು ಹೆಚ್ಚು ವಿಚಾರಿಸಬೇಕು, ಹಣವನ್ನೂ ಅದಕ್ಕೆ ತಕ್ಕಂತೆ ಹಂತಹಂತವಾಗಿ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಯಾರನ್ನಾದರೂ ಕರೆಸುವ ಮೊದಲು, ಒಂದು ಜೋರು ಮಳೆಯಲ್ಲಿ ಗುಡುಗು ಸಿಡಿಲು ನಿಂತ ಮೇಲೆ ಛತ್ರಿ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಸೂರಿನ ಕೊಳವೆಗಳಿಂದ ನೀರು ಎಲ್ಲಿ ಬೀಳುತ್ತದೆ, ಯಾವ ಮೂಲೆಯಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂಬುದನ್ನು ಫೋನಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳಿ. ಇಲ್ಲಿನ ಬಡಾವಣೆಗಳಲ್ಲಿ ಎರಡು ಮನೆಗಳ ನಡುವೆ ಕಾಣುವ ತಗ್ಗಾದ ಹುಲ್ಲಿನ ಪಟ್ಟಿ ಸುಮ್ಮನೆ ಬಿಟ್ಟ ಜಾಗವಲ್ಲ, ನೀರು ಹರಿದುಹೋಗಲೆಂದು ಎಂಜಿನಿಯರುಗಳು ವಿನ್ಯಾಸ ಮಾಡಿದ ಕಾಲುವೆ ಅದು. ಅದರ ಮೇಲೆ ಕಲ್ಲು ಹಾಸಿದರೆ ಅಥವಾ ಅದರ ಮಟ್ಟ ಏರಿಸಿದರೆ ನೀರು ಪಕ್ಕದ ಮನೆಯವರ ಕಡೆಗೋ ನಿಮ್ಮದೇ ಗೋಡೆಯ ಕಡೆಗೋ ತಿರುಗುತ್ತದೆ, ತೆಗೆಸಿ ಎಂದು ಆದೇಶ ಬಂದರೆ ತೆಗೆಸುವ ಖರ್ಚೂ ನಿಮ್ಮದೇ. ಮನೆ ಕೊಳ್ಳುವಾಗ ಕೊಟ್ಟ ಸರ್ವೆ ನಕ್ಷೆಯಲ್ಲಿ ಮಳೆನೀರಿನ ಹರಿವಿಗೂ ಇತರ ಸೇವೆಗಳಿಗೂ ಮೀಸಲಿಟ್ಟ ಪಟ್ಟಿಗಳನ್ನು ಗುರುತಿಸಿರುತ್ತಾರೆ. ಆ ನಕ್ಷೆಯ ಪ್ರತಿಯನ್ನು ಮುಂದಿಟ್ಟುಕೊಂಡೇ ಕಂಟ್ರಾಕ್ಟರ್ ಜೊತೆ ಮಾತಾಡುವುದು ಕ್ಷೇಮ.

ಅನುಮತಿಯ ವಿಷಯದಲ್ಲಿ ಎರಡು ಬಾಗಿಲು ತಟ್ಟಬೇಕು. ಬಡಾವಣೆಗೆ ಎಚ್‌ಒಎ (ಮನೆ ಮಾಲೀಕರ ಸಂಘ) ಇದ್ದರೆ ಅದರ ವಿನ್ಯಾಸ ಸಮಿತಿಗೆ ನಕ್ಷೆ, ಕಲ್ಲಿನ ಬಣ್ಣ, ಕಂಟ್ರಾಕ್ಟರ್ ವಿವರ ಸಲ್ಲಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಬಾಯಿಮಾತಿನ ಒಪ್ಪಿಗೆ ಲೆಕ್ಕಕ್ಕಿಲ್ಲ. ಇನ್ನೊಂದು ನಗರ ಅಥವಾ ಕೌಂಟಿಯ ಕಟ್ಟಡ ಇಲಾಖೆ. ಪರ್ಮಿಟ್ ಬೇಕೋ ಬೇಡವೋ ಎಂಬುದು ಊರಿಂದ ಊರಿಗೆ ಬದಲಾಗುತ್ತದೆ. ರಸ್ತೆಗೆ ಸೇರುವ ಡ್ರೈವ್‌ವೇ ಭಾಗಕ್ಕೆ ಮತ್ತು ಎತ್ತರದ ತಡೆಗೋಡೆಗೆ ಸಾಮಾನ್ಯವಾಗಿ ಬೇಕಾಗುತ್ತದೆ. ನಿವೇಶನದಲ್ಲಿ ನೀರು ಇಂಗದ ಹೊದಿಕೆ ಶೇಕಡಾ ಎಷ್ಟರವರೆಗೆ ಇರಬಹುದು ಎಂಬ ಮಿತಿಯನ್ನೂ ಅನೇಕ ಊರುಗಳು ಇಟ್ಟಿವೆ, ಮನೆ, ಗರಾಜು, ಈಜುಕೊಳದ ಸುತ್ತಲಿನ ಜಾಗ ಎಲ್ಲವೂ ಅದರಲ್ಲಿ ಎಣಿಕೆಯಾಗುತ್ತವೆ. ಕಂಟ್ರಾಕ್ಟರ್ ಪರ್ಮಿಟ್ ಬೇಡವೆಂದರೂ ನೀವೇ ಇಲಾಖೆಗೆ ಫೋನ್ ಮಾಡಿ ವಿಚಾರಿಸಿ.

ಕೆಲಸಗಾರರ ಆಯ್ಕೆಯಲ್ಲಿ ಹೊಸಬರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. 2021ರಲ್ಲಿ ಫ್ಲೋರಿಡಾ ಮಾಡಿದ ಕಾನೂನಿನ ಪ್ರಕಾರ ಡ್ರೈವ್‌ವೇ ಹಾಕುವುದು, ಅಲಂಕಾರದ ಕಲ್ಲು ಕೂರಿಸುವುದು ಮುಂತಾದ ಕೆಲಸಗಳಿಗೆ ನಗರ, ಕೌಂಟಿಗಳು ತಮ್ಮದೇ ಲೈಸೆನ್ಸ್ ಕೇಳುವಂತಿಲ್ಲ. ಎಂದರೆ, ಪೇವರ್ ಹಾಸುವವರ ಕೌಶಲವನ್ನು ಸರ್ಕಾರ ಪರೀಕ್ಷಿಸಿ ಕಳಿಸಿದೆ ಎಂದು ನಂಬುವ ಹಾಗಿಲ್ಲ. ಲೈಸೆನ್ಸ್ ಇದೆ ಎಂದು ತೋರಿಸುವ ಕಾಗದ ಎಷ್ಟೋ ಸಲ ಸ್ಥಳೀಯ ವ್ಯಾಪಾರ ತೆರಿಗೆಯ ರಸೀದಿ ಮಾತ್ರ ಆಗಿರುತ್ತದೆ, ತೆರಿಗೆ ಕಟ್ಟಿದ್ದಾರೆ ಎಂಬುದನ್ನು ಬಿಟ್ಟರೆ ಅದು ಬೇರೇನನ್ನೂ ಹೇಳುವುದಿಲ್ಲ. ಈಜುಕೊಳ, ವಿದ್ಯುತ್, ಗ್ಯಾಸ್, ಚಾವಣಿ ಸೇರಿದ ಕೆಲಸಗಳಿಗೆ ಮಾತ್ರ ರಾಜ್ಯದ ಲೈಸೆನ್ಸ್ ಬೇಕೇ ಬೇಕು, ಅದನ್ನು ವೃತ್ತಿಪರರ ಲೈಸೆನ್ಸ್ ನೋಡಿಕೊಳ್ಳುವ ರಾಜ್ಯದ ಡಿಬಿಪಿಆರ್ ಇಲಾಖೆಯ ಜಾಲತಾಣದಲ್ಲಿ ಹೆಸರು ಹಾಕಿ ಪರಿಶೀಲಿಸಬಹುದು. ಕಂಪನಿ ಯಾವ ವರ್ಷ ನೋಂದಣಿಯಾಯಿತು, ಯಾರ ಹೆಸರಿನಲ್ಲಿದೆ ಎಂಬುದು ರಾಜ್ಯದ ಸನ್‌ಬಿಜ಼್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹತ್ತು ವರ್ಷದ ಅನುಭವವೆಂದು ಹೇಳಿಕೊಳ್ಳುವ ಕಂಪನಿ ಕಳೆದ ವರ್ಷ ನೋಂದಣಿಯಾಗಿದ್ದರೆ ಕಾರಣ ಕೇಳಿ.

ವಿಮೆಯ ವಿಷಯದಲ್ಲಿ ಸಂಕೋಚ ಬೇಡ. ಈ ರಾಜ್ಯದಲ್ಲಿ ನಿರ್ಮಾಣ ಕ್ಷೇತ್ರದ ಉದ್ಯೋಗದಾತರಿಗೆ ಒಬ್ಬನೇ ಕೆಲಸಗಾರನಿದ್ದರೂ ಕಾರ್ಮಿಕರ ಪರಿಹಾರ ವಿಮೆ ಕಡ್ಡಾಯ. ಬಿಸಿಲಿನಲ್ಲಿ ಭಾರದ ಕಲ್ಲು ಹೊತ್ತು ದುಡಿಯುವವರಿಗೆ ಪೆಟ್ಟಾದರೆ ಅವರಿಗೂ ನಿಮಗೂ ಅದೇ ಆಸರೆ. ಆ ವಿಮೆ ಮತ್ತು ಹೊಣೆಗಾರಿಕೆ ವಿಮೆ ಎರಡರ ಪ್ರಮಾಣಪತ್ರಗಳನ್ನೂ ಕಂಟ್ರಾಕ್ಟರ್ ಕೈಯಿಂದ ಪಡೆಯುವುದಕ್ಕಿಂತ ವಿಮಾ ಏಜೆಂಟರಿಂದ ನೇರವಾಗಿ ನಿಮ್ಮ ಇಮೇಲಿಗೆ ತರಿಸಿಕೊಳ್ಳಿ. ಹಳೆಯ ಗ್ರಾಹಕರ ವಿಳಾಸ ಕೇಳುವಾಗ ಹೋದ ತಿಂಗಳು ಮುಗಿಸಿದ ಕೆಲಸವನ್ನು ನೋಡಿ ಪ್ರಯೋಜನವಿಲ್ಲ, ಎರಡು ಮೂರು ಮಳೆಗಾಲ ಕಂಡ ಡ್ರೈವ್‌ವೇ ತೋರಿಸಲು ಹೇಳಿ. ಅಲ್ಲಿ ಚಕ್ರ ಓಡಾಡುವ ಜಾಗದಲ್ಲಿ ಕುಸಿತವಿದೆಯೇ, ಅಂಚಿನ ಕಲ್ಲುಗಳು ಹೊರಕ್ಕೆ ಸರಿದಿವೆಯೇ ಎಂದು ಬಗ್ಗಿ ನೋಡಿದರೆ ಯಾವ ವಿಮರ್ಶೆಯೂ ಹೇಳದಷ್ಟು ತಿಳಿಯುತ್ತದೆ.

ಇನ್ನು ಪಾಯದ ವಿಚಾರ. ಇಲ್ಲಿನ ಮಣ್ಣು ಬಹುಪಾಲು ಮರಳು, ನೀರು ಅದರಲ್ಲಿ ಬೇಗ ಇಂಗುತ್ತದೆ ನಿಜ. ಅದನ್ನೇ ನೆಪವಾಗಿಟ್ಟುಕೊಂಡು, ನೆಲವನ್ನು ಸ್ವಲ್ಪ ಕೆರೆದು ದಮ್ಮಸ್ಸು ಹೊಡೆದು ನೇರವಾಗಿ ಕಲ್ಲು ಕೂರಿಸಿದರೆ ಸಾಕೆನ್ನುವವರು ಸಿಗುತ್ತಾರೆ, ಕಡಿಮೆ ದರದ ಗುಟ್ಟೂ ಹೆಚ್ಚಾಗಿ ಅಲ್ಲೇ ಇರುತ್ತದೆ. ಪೇವರ್ ಉದ್ಯಮದ ಮಾರ್ಗಸೂಚಿಗಳು ಹೇಳುವುದು ಬೇರೆ: ಚೆನ್ನಾಗಿ ನೀರು ಬಸಿಯುವ ನೆಲದಲ್ಲೂ ನಡೆದಾಡುವ ಜಾಗಕ್ಕೆ ಕನಿಷ್ಠ 4 ಇಂಚು, ಕಾರು ಓಡಾಡುವ ಜಾಗಕ್ಕೆ ಕನಿಷ್ಠ 6 ಇಂಚು ದಪ್ಪದ ಜಲ್ಲಿಪಾಯ ಇರಬೇಕು, ಅದನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಯಂತ್ರದಿಂದ ದಮ್ಮಸ್ಸು ಹೊಡೆಯಬೇಕು. ಅದರ ಮೇಲೆ ಸುಮಾರು 1 ಇಂಚು ಒರಟು ಮರಳು, ಆಮೇಲೆ ಕಲ್ಲು. ಈ ಮರಳಿನ ಪದರ ಕಲ್ಲು ಕೂರಲು ಮಾತ್ರ. ಪಾಯದ ಏರುತಗ್ಗನ್ನು ಮುಚ್ಚಲು ಅದನ್ನೇ ಒಂದು ಕಡೆ 3 ಇಂಚು, ಇನ್ನೊಂದು ಕಡೆ ಅರ್ಧ ಇಂಚು ಹಾಕಿದರೆ ಮೊದಲ ಮಳೆಗಾಲದಲ್ಲೇ ದಪ್ಪವಿದ್ದ ಕಡೆ ತಗ್ಗು ಬೀಳುತ್ತದೆ. ಅಗೆದಾಗ ಕಪ್ಪಗಿನ ಕೊಳೆತ ಬೇರಿನಂಥ ಮಣ್ಣು ಸಿಕ್ಕರೆ ಅದನ್ನು ಪೂರ್ತಿ ತೆಗೆಸಬೇಕು. ಅದರ ಮೇಲೆ ಎಷ್ಟು ಜಲ್ಲಿ ಹಾಕಿದರೂ ನಿಲ್ಲುವುದಿಲ್ಲ. ನೆಲದ ಮಣ್ಣು ಜಲ್ಲಿಯೊಳಗೆ ಬೆರೆಯದಂತೆ ನಡುವೆ ಹಾಸುವ ಜಿಯೋಟೆಕ್ಸ್‌ಟೈಲ್ ಬಟ್ಟೆಗೆ ತಗಲುವ ಹೆಚ್ಚುವರಿ ಖರ್ಚು ಸಾರ್ಥಕವೇ.

ಮರಳುನೆಲದ ನಿಜವಾದ ಕಷ್ಟ ಅಂಚಿನಲ್ಲಿದೆ. ಜೋರು ಮಳೆಯಲ್ಲಿ ನೀರು ಕಲ್ಲಿನ ಅಂಚಿನಿಂದ ಕೆಳಗಿನ ಮರಳನ್ನು ಕೊಚ್ಚಿಕೊಂಡು ಹೋದರೆ ಸಾಲು ಸಡಿಲವಾಗಿ ಒಂದೊಂದೇ ಕಲ್ಲು ಜಾರತೊಡಗುತ್ತದೆ. ಆದ್ದರಿಂದ ಸುತ್ತ ಅಂಚುಗಟ್ಟು ಯಾವುದರಿಂದ ಮಾಡುತ್ತಾರೆ, ಎಷ್ಟು ಆಳಕ್ಕೆ ಎಂದು ಕೇಳಿ. ಹುಲ್ಲಿನ ಕೆಳಗೆ ಅಡಗುವ ಕಾಂಕ್ರೀಟ್ ದಿಂಡು ಪಾಯದ ಜಲ್ಲಿಯ ಮೇಲೆಯೇ ಕೂತಿರಬೇಕು, ಬರೀ ಮಣ್ಣಿನ ಮೇಲೆ ಸವರಿದ ಗಾರೆ ಬಾಳುವುದಿಲ್ಲ.

ವಾಟದ ಬಗ್ಗೆ ರಾಜಿಯೇ ಬೇಡ. ಮನೆಯಿಂದ ಹೊರಕ್ಕೆ ಶೇಕಡಾ 2ರಷ್ಟು, ಎಂದರೆ ಪ್ರತಿ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಇರಬೇಕು. 12 ಅಡಿ ಅಗಲದ ಪ್ಯಾಟಿಯೊಗೆ ಅದು 3 ಇಂಚು. ನೋಡುವ ಕಣ್ಣಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಕಟ್ಟಿದ ದಾರ ಮತ್ತು ರಸಮಟ್ಟ ಸುಳ್ಳು ಹೇಳುವುದಿಲ್ಲ. ಸೂರಿನ ಕೊಳವೆಯ ನೀರನ್ನು ಕಲ್ಲಿನ ಕೆಳಗಿನ ಪೈಪಿನಲ್ಲಿ ದಾಟಿಸುವುದಾದರೆ ಆ ಪೈಪು ಪಾಯಕ್ಕಿಂತ ಮೊದಲೇ ಬರಬೇಕು. ಮುಂದೆ ತೋಟದ ದೀಪಕ್ಕೋ ಹುಲ್ಲಿಗೆ ನೀರು ಹಾಯಿಸುವ ಕೊಳವೆಗೋ ಬೇಕಾಗಬಹುದೆಂದು ಒಂದೆರಡು ಖಾಲಿ ಪೈಪುಗಳನ್ನೂ ಆಗಲೇ ಹೂತಿಡಲು ಹೇಳಿ, ಆಮೇಲೆ ಕಲ್ಲು ಕೀಳಿಸುವ ಖರ್ಚು ಉಳಿಯುತ್ತದೆ. ಹಾಗೆಯೇ ಗೋಡೆಯ ಬುಡ ಪೂರ್ತಿ ಮುಚ್ಚುವಷ್ಟು ಎತ್ತರಕ್ಕೆ ಕಲ್ಲು ಏರಿಸಬಾರದು. ಈ ಬಿಸಿಲು ಮಳೆಯ ನಾಡಿನಲ್ಲಿ ಗೆದ್ದಲಿನ ಕಾಟ ಹೆಚ್ಚು, ಪರೀಕ್ಷಿಸಲು ಬರುವವರಿಗೆ ಬುಡದ ಪಟ್ಟಿ ಕಾಣಬೇಕು. ಗೆದ್ದಲು ನಿರೋಧಕ ಔಷಧಿಯ ಕರಾರು ಇದ್ದವರು ಗೋಡೆಯ ಪಕ್ಕದ ಮಣ್ಣು ಅಗೆಸುವ ಮೊದಲು ಆ ಕಂಪನಿಗೆ ತಿಳಿಸುವುದು ಒಳ್ಳೆಯದು.

ಮೂರು ಕಡೆಯಿಂದ ದರಪಟ್ಟಿ ತರಿಸಿದಾಗ ಮೇಲಿನ ಪ್ರತಿಯೊಂದು ಅಂಶವೂ ಅದರಲ್ಲಿ ಬರೆದಿರಬೇಕು: ಅಗೆಯುವ ಆಳ, ಜಲ್ಲಿಯ ಬಗೆ ಮತ್ತು ದಮ್ಮಸ್ಸಾದ ಮೇಲಿನ ದಪ್ಪ, ಅಂಚುಗಟ್ಟು, ವಾಟದ ದಿಕ್ಕು, ಕಲ್ಲಿನ ತಯಾರಕರ ಹೆಸರು ಮತ್ತು ದಪ್ಪ, ಅಗೆದ ಮಣ್ಣನ್ನು ಸಾಗಿಸುವವರು ಯಾರು, ಮುರಿದ ನೀರಿನ ಕೊಳವೆ ಸರಿಪಡಿಸುವವರು ಯಾರು, ಕುಸಿತಕ್ಕೆ ಎಷ್ಟು ವರ್ಷದ ವಾರಂಟಿ. ಡ್ರೈವ್‌ವೇಗೆ 60 ಮಿಲಿಮೀಟರ್ ದಪ್ಪದ ಪೇವರ್ ಸಾಮಾನ್ಯ. ಹಳೆಯ ಕಾಂಕ್ರೀಟಿನ ಮೇಲೆ ಅಂಟಿಸುವ ತೆಳುಕಲ್ಲು ಬೇರೆಯೇ ವಸ್ತು, ಅದರ ದರವನ್ನು ಇದಕ್ಕೆ ಹೋಲಿಸಿ ಮೋಸ ಹೋಗಬೇಡಿ.

ಹಣದ ವಿಷಯದಲ್ಲಿ ಫ್ಲೋರಿಡಾದ ನಿರ್ಮಾಣ ಲಿಯನ್ (ಬಾಕಿಗಾಗಿ ಆಸ್ತಿಯ ಮೇಲಿನ ಹಕ್ಕು) ಕಾನೂನು ನಮ್ಮವರಿಗೆ ತೀರ ಹೊಸದು. ನೀವು ಕಂಟ್ರಾಕ್ಟರಿಗೆ ಪೂರ್ತಿ ಹಣ ಕೊಟ್ಟಿದ್ದರೂ, ಅವರು ಕಲ್ಲಿನ ಅಂಗಡಿಗೋ ಉಪಗುತ್ತಿಗೆದಾರರಿಗೋ ಬಾಕಿ ಉಳಿಸಿಕೊಂಡಿದ್ದರೆ, ಆ ಬಾಕಿಗಾಗಿ ಅಂಗಡಿಯವರೋ ಉಪಗುತ್ತಿಗೆದಾರರೋ ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಕೆಲಸದ ನಡುವೆ ಅಪರಿಚಿತ ಕಂಪನಿಯಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ‘ನೋಟಿಸ್ ಟು ಓನರ್’ ಎಂಬ ಕಾಗದ ಬಂದರೆ ಗಾಬರಿಯಾಗಬೇಡಿ, ಹಾಗೆಂದು ಎಸೆಯಲೂ ಬೇಡಿ. ಸಾಮಗ್ರಿ ಅಥವಾ ಕೆಲಸ ಒದಗಿಸಲು ಶುರುಮಾಡಿದ 45 ದಿನಗಳೊಳಗೆ ಅವರು ಕಳಿಸಬೇಕಾದ ಸೂಚನೆ ಅದು, ಹಕ್ಕಿನ ದಾಖಲೆಯಲ್ಲ. ಮುಂದಿನ ಕಂತು ಕೊಡುವ ಮೊದಲು ಆ ಕಂಪನಿಯಿಂದ ಹಣ ಸಂದಿದೆ, ಹಕ್ಕು ಬಿಟ್ಟಿದ್ದೇವೆ ಎಂಬ ಸಹಿ ಮಾಡಿದ ಪತ್ರವನ್ನು ಕಂಟ್ರಾಕ್ಟರ್ ಮೂಲಕ ತರಿಸಿಕೊಳ್ಳಿ. 5,000 ಡಾಲರ್ ಮೀರಿದ ಕೆಲಸವಾದರೆ ಕೆಲಸ ಶುರುವಾಗುವ ಮೊದಲು ‘ನೋಟಿಸ್ ಆಫ್ ಕಮೆನ್ಸ್‌ಮೆಂಟ್’ ಎಂಬ ದಾಖಲೆಯನ್ನು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸಿ ಪ್ರತಿಯನ್ನು ಸ್ಥಳದಲ್ಲಿ ಹಾಕಬೇಕು. ಕೊನೆಯ ಕಂತಿಗೆ ಮುಂಚೆ ಎಲ್ಲರ ಬಾಕಿ ತೀರಿದೆ ಎಂಬ ಪ್ರಮಾಣಪತ್ರ ಕೇಳಿ.

ಮುಂಗಡವನ್ನು ಶೇಕಡಾ 10ರ ಆಸುಪಾಸಿನಲ್ಲಿ ಇಡಲು ಪ್ರಯತ್ನಿಸಿ, ಕಲ್ಲು ನಿಮ್ಮ ಅಂಗಳಕ್ಕೆ ಬಂದಾಗ ಒಂದು ಕಂತು, ಪಾಯ ಮುಗಿದು ನೀವು ಅಳತೆ ನೋಡಿದ ಮೇಲೆ ಇನ್ನೊಂದು, ಉಳಿದದ್ದು ಕೊನೆಗೆ. ಬಾಗಿಲಿಗೆ ಬಂದು, ಪಕ್ಕದ ಬೀದಿಯಲ್ಲಿ ಕಲ್ಲು ಉಳಿದಿದೆ, ಇವತ್ತೇ ಸಹಿ ಮಾಡಿದರೆ ರಿಯಾಯಿತಿ ಎನ್ನುವವರಿಗೆ ಒಪ್ಪಬೇಡಿ. ಹಾಗೆ ಮನೆಬಾಗಿಲಿನ ಮಾರಾಟದಲ್ಲಿ ಸಹಿ ಮಾಡಿಬಿಟ್ಟಿದ್ದರೂ ಮೂರು ಕೆಲಸದ ದಿನಗಳೊಳಗೆ ಲಿಖಿತವಾಗಿ ರದ್ದುಪಡಿಸುವ ಹಕ್ಕು ನಿಮಗಿದೆ.

ಅಗೆಯುವ ಮುನ್ನ, ನೆಲದಡಿಯ ತಂತಿ ಕೊಳವೆಗಳನ್ನು ಗುರುತು ಮಾಡಿಸುವ ಫೋನ್ ಸಂಖ್ಯೆ 811ಕ್ಕೆ ತಿಳಿಸುವುದು ಕಾನೂನು. ಕನಿಷ್ಠ ಎರಡು ಪೂರ್ಣ ಕೆಲಸದ ದಿನ ಮುಂಚೆ ಕಂಟ್ರಾಕ್ಟರೇ ತಿಳಿಸಬೇಕು, ಸೇವೆ ಉಚಿತ. ಆಮೇಲೆ ಹುಲ್ಲಿನ ಮೇಲೆ ಕೆಂಪು ಗೆರೆ ಕಂಡರೆ ವಿದ್ಯುತ್, ಹಳದಿಯಾದರೆ ಗ್ಯಾಸ್, ನೀಲಿಯಾದರೆ ಕುಡಿಯುವ ನೀರು, ಕಿತ್ತಳೆಯಾದರೆ ಇಂಟರ್‌ನೆಟ್ ಮತ್ತು ಫೋನ್ ತಂತಿ. ಗೆರೆ ಕಾಣದೆ ಗುದ್ದಲಿ ಹಾಕಲು ಬಿಡಬೇಡಿ. ನಿಮ್ಮ ಸ್ವಂತ ಸ್ಪ್ರಿಂಕ್ಲರ್ ಕೊಳವೆಗಳನ್ನು ಅವರು ಗುರುತಿಸುವುದಿಲ್ಲ, ಅವುಗಳನ್ನು ನೀವೇ ಚಾಲೂ ಮಾಡಿ ಬಾವುಟ ನೆಟ್ಟು ತೋರಿಸಬೇಕು.

ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ಈ ಕೆಲಸಕ್ಕೆ ಪ್ರಶಸ್ತ, ಆಗ ಒಳ್ಳೆಯ ತಂಡಗಳಿಗೆ ಬೇಡಿಕೆಯೂ ಹೆಚ್ಚು, ಮಾತುಕತೆಯನ್ನು ಇಲ್ಲಿನ ಬೇಸಿಗೆಯಲ್ಲೇ (ಜೂನ್‌ನಿಂದ ಆಗಸ್ಟ್) ಶುರುಮಾಡಿ. ಮಳೆಗಾಲದಲ್ಲೇ ಮಾಡಿಸಬೇಕಾದರೆ ತೆರೆದ ಪಾಯ ನೆನೆದ ಮರುದಿನ ಅದು ಆರುವವರೆಗೆ ಕಾಯುತ್ತಾರೆಯೇ, ಕೊಚ್ಚಿಹೋದ ಭಾಗಕ್ಕೆ ಮತ್ತೆ ದಮ್ಮಸ್ಸು ಹೊಡೆಯುತ್ತಾರೆಯೇ ಎಂದು ಮೊದಲೇ ಬರೆಸಿಕೊಳ್ಳಿ. ಪಾಯ ಸಿದ್ಧವಾದ ಸಂಜೆ ಕೆಲಸದವರು ಹೊರಟ ಮೇಲೆ ಅದರ ಮೇಲೆ ನಡೆದು ನೋಡಿ: ಹಿಮ್ಮಡಿ ಊರಿದರೆ ಗುರುತು ಬೀಳಬಾರದು. ನಾಲ್ಕಾರು ಕಡೆ ಟೇಪಿಟ್ಟು ಆಳದ ಫೋಟೊ ತೆಗೆದಿಡಿ.

ಬಣ್ಣದ ಬಗ್ಗೆ ಹೇಳುವುದು ಕಡಿಮೆ. ಕಪ್ಪು, ಕಡುಗಂದು ಕಲ್ಲು ಇಲ್ಲಿನ ಬಿಸಿಲಿನಲ್ಲಿ ಬರಿಗಾಲಿಗೆ ಸುಡುತ್ತದೆ. ಮಾದರಿ ಕಲ್ಲುಗಳನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟು ಕೈಯಿಂದ ಮುಟ್ಟಿ, ನೀರು ಹಾಕಿ ಜಾರುತ್ತದೆಯೇ ನೋಡಿ ಆರಿಸಿ. ನೆರಳಿನ ಕಡೆ ಪಾಚಿ ಕಟ್ಟುವುದು ಖಂಡಿತ, ನಯವಾದ ಮೇಲ್ಮೈ ಅಲ್ಲಿ ಬೇಡ.

ಸಂದುಗಳಿಗೆ ತುಂಬುವ ಪಾಲಿಮರ್ ಮರಳಿಗೆ ಕಲ್ಲು ಪೂರ್ತಿ ಒಣಗಿರಬೇಕು, ಹಾಕಿದ ಮೇಲೆ ಗಟ್ಟಿಯಾಗುವಷ್ಟು ಹೊತ್ತು ಮಳೆ ಬರಬಾರದು, ಇಲ್ಲದಿದ್ದರೆ ಕಲ್ಲಿನ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಮೊದಲ ತಿಂಗಳುಗಳಲ್ಲಿ ಕಾಂಕ್ರೀಟ್ ಪೇವರುಗಳ ಮೇಲೆ ತಾನಾಗಿ ಮೂಡುವ ಬಿಳಿ ಪುಡಿ ಬೇರೆ, ಅದು ಒಳಗಿನ ಸುಣ್ಣದ ಅಂಶ, ಕಾಲಕ್ರಮೇಣ ಹೋಗುತ್ತದೆ. ಅದು ಹೋಗುವ ಮೊದಲೇ ಸೀಲರ್ (ಕಲ್ಲಿನ ಮೇಲ್ಮೈ ಕಾಯುವ ಲೇಪ) ಬಳಿದರೆ ಬಿಳುಪು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಆದ್ದರಿಂದ ಕಲ್ಲು ಹಾಸಿದ ವಾರದಲ್ಲೇ ಸೀಲರ್ ಮಾರಲು ಬಂದರೆ ಬೇಡವೆನ್ನಿ. ಮೊದಲ ಮಳೆಗಾಲ ಮುಗಿದ ಕೂಡಲೇ ಹೋಸ್ ಪೈಪಿನಿಂದ ನೀರು ಬಿಟ್ಟು ನಿಲ್ಲುವ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಸಂದಿನ ಮರಳು ಇಳಿದ ಕಡೆಯ ಫೋಟೊಗಳ ಜೊತೆ ಕಂಟ್ರಾಕ್ಟರಿಗೆ ಇಮೇಲ್ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆಯಿಲ್ಲ, ವಾರಂಟಿಯ ದಿನಾಂಕದ ಒಳಗೆ ಬರೆದು ಕಳಿಸಿದ ದೂರಿಗೆ ಇದೆ.