ಮನೆಯಲ್ಲೇ ಕಲಿಯುವ ಮಕ್ಕಳ ವರ್ಷದ ಪರೀಕ್ಷೆ: ವರ್ಜೀನಿಯಾದಲ್ಲಿ ನನ್ನ ಅನುಭವ

ನಾವಿರುವುದು ಅಮೆರಿಕದ ವರ್ಜೀನಿಯಾದಲ್ಲಿ, ವಾಷಿಂಗ್ಟನ್ ಡಿಸಿಗೆ ಹತ್ತಿರದ ಲೌಡನ್ ಕೌಂಟಿಯಲ್ಲಿ. ಮಗಳು, ಮಗ ಇಬ್ಬರನ್ನೂ ಮನೆಯಲ್ಲೇ ಓದಿಸುತ್ತಿದ್ದೇವೆ. ಹೋಮ್‌ಸ್ಕೂಲ್ ಶುರು ಮಾಡೋಣ ಅಂತಿರುವ ಕನ್ನಡದ ಅಪ್ಪ ಅಮ್ಮಂದಿರು ಸಿಕ್ಕಾಗ ಮೊದಲು ಕೇಳುವುದು ಪಾಠದ ಬಗ್ಗೆ ಅಲ್ಲ, ಪರೀಕ್ಷೆಯ ಬಗ್ಗೆ. "ವರ್ಷ ವರ್ಷ ಟೆಸ್ಟ್ ಬರೆಸಲೇಬೇಕಂತೆ, ಮಗು ಫೇಲಾದ್ರೆ ಗತಿಯೇನು?" ಅನ್ನುವುದೇ ಎಲ್ಲರ ಚಿಂತೆ. ಅವರಿಗೆ ಬಾಯಲ್ಲಿ ಹೇಳುತ್ತಾ ಬಂದಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ಏನು ಕೇಳುತ್ತದೆ ನೋಡೋಣ. ಆಗಸ್ಟ್ 15ರೊಳಗೆ ನಮ್ಮ ಸ್ಕೂಲ್ ಡಿವಿಷನ್ನಿನ, ಅಂದರೆ ಕೌಂಟಿಯ ಶಾಲಾ ಆಡಳಿತದ, ಸೂಪರಿಂಟೆಂಡೆಂಟರಿಗೆ ನೋಟಿಸ್ ಆಫ್ ಇಂಟೆಂಟ್, ಅಂದರೆ ಮನೆಯಲ್ಲೇ ಓದಿಸುತ್ತೇವೆ ಅನ್ನುವ ಪತ್ರ, ಕೊಡಬೇಕು. ಈ ವರ್ಷ ಏನೇನು ಕಲಿಸುತ್ತೇವೆ ಅನ್ನುವ ಪಟ್ಟಿಯೂ ಅದರ ಜೊತೆಗಿರಬೇಕು. ಮುಂದಿನ ಆಗಸ್ಟ್ 1ರೊಳಗೆ ಮಗು ಮುಂದುವರಿದಿದೆ ಅನ್ನುವುದಕ್ಕೆ ಪುರಾವೆ ಕೊಡಬೇಕು. ಶಾಲಾ ವರ್ಷದ ಸೆಪ್ಟೆಂಬರ್ 30ಕ್ಕೆ ಆರು ತುಂಬಿರದ ಮಗುವಿಗೆ ಆ ವರ್ಷ ಪುರಾವೆ ಬೇಡ.

ಪುರಾವೆ ಅಂದರೆ ಟೆಸ್ಟೇ ಆಗಬೇಕು ಅಂತಿಲ್ಲ. ದೇಶಮಟ್ಟದ ಸ್ಟ್ಯಾಂಡರ್ಡೈಜ್ಡ್ ಅಚೀವ್‌ಮೆಂಟ್ ಟೆಸ್ಟ್ ಒಂದು ದಾರಿ. ಅದರ ಒಟ್ಟು ಸ್ಕೋರ್ ನಾಲ್ಕನೇ ಸ್ಟಾನೈನ್ (ಇದೇನು ಅಂತ ಮುಂದೆ ಹೇಳುತ್ತೇನೆ) ಅಥವಾ ಅದಕ್ಕಿಂತ ಮೇಲಿರಬೇಕು. ಇನ್ನೊಂದು ದಾರಿ, ಟೀಚಿಂಗ್ ಲೈಸೆನ್ಸ್ ಅಥವಾ ಮಾಸ್ಟರ್ಸ್ ಡಿಗ್ರಿ ಇರುವ, ಮಗುವಿನ ಓದು ಗೊತ್ತಿರುವ ಒಬ್ಬರಿಂದ ಮೌಲ್ಯಮಾಪನದ ಪತ್ರ. ನಾನು ಮಗಳಿಗೆ ಮೊದಲನೆಯದನ್ನು, ಮಗನಿಗೆ ಎರಡನೆಯದನ್ನು ಹಿಡಿದಿದ್ದೇನೆ.

ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತದೆ ಅನ್ನುವುದು ನೆನಪಿರಲಿ. ನಮ್ಮ ಕೆಳಗಿನ ನಾರ್ತ್ ಕ್ಯಾರೊಲಿನಾದಲ್ಲಿ ಪ್ರತಿ ವರ್ಷ ಟೆಸ್ಟ್ ಆಗಲೇಬೇಕು, ಆದರೆ ಫಲಿತಾಂಶ ಮನೆಯಲ್ಲೇ ಇಟ್ಟುಕೊಂಡರೆ ಸಾಕು. ಟೆಕ್ಸಾಸ್, ನ್ಯೂಜೆರ್ಸಿಗಳಲ್ಲಿ ಕಾನೂನು ಟೆಸ್ಟನ್ನೇ ಕೇಳುವುದಿಲ್ಲ. ಡಲ್ಲಾಸ್‌ನಲ್ಲಿರುವ ಗೆಳತಿ ಹೇಳಿದ್ದನ್ನು ಕೇಳಿಕೊಂಡು ಇಲ್ಲಿ ಸುಮ್ನೆ ಕೂರುವ ಹಾಗಿಲ್ಲ.

ಈಗ ಆ ನಾಲ್ಕನೇ ಸ್ಟಾನೈನ್. ಈ ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ದೇಶದ ಅದೇ ಗ್ರೇಡಿನ, ಅಂದರೆ ತರಗತಿಯ, ಮಕ್ಕಳನ್ನು ಸ್ಕೋರಿನ ಪ್ರಕಾರ ಒಂಬತ್ತು ಗುಂಪು ಮಾಡುತ್ತಾರೆ. ಗುಂಪುಗಳು ಸಮ ಅಲ್ಲ. ಕೆಳಗಿನಿಂದ ನೂರಕ್ಕೆ 4, 7, 12, 17, ನಡುವಿನದರಲ್ಲಿ 20, ಆಮೇಲೆ ಅದೇ ಲೆಕ್ಕ ತಿರುಗಿ 17, 12, 7, 4. ಕೆಳಗಿನ ಮೂರು ಗುಂಪು ಕೂಡಿದರೆ 23. ಅಂದರೆ ನೂರು ಮಕ್ಕಳಲ್ಲಿ ಸುಮಾರು 77 ಮಕ್ಕಳು ನಾಲ್ಕನೇ ಸ್ಟಾನೈನ್ ಅಥವಾ ಮೇಲೆ ಇರುತ್ತಾರೆ. ದಿನಾ ಓದುವ, ದಿನಾ ನಾಲ್ಕು ಲೆಕ್ಕ ಮಾಡುವ ಹೆಚ್ಚಿನ ಮಕ್ಕಳಿಗೆ ಇದು ಎಟುಕುವಂಥದ್ದೇ. ಒಂದು ವೇಳೆ ಬರದಿದ್ದರೂ ಮನೆಪಾಠ ಅಲ್ಲಿಗೇ ನಿಂತುಬಿಡುವುದಿಲ್ಲ. ಹೇಗೆ ಸರಿಮಾಡುತ್ತೇವೆ ಅಂತ ಯೋಜನೆ ಬರೆದುಕೊಟ್ಟು, ಒಂದು ವರ್ಷ ಪ್ರೊಬೇಷನ್ನಿನಲ್ಲಿ, ಅಂದರೆ ಪರೀಕ್ಷಾರ್ಥವಾಗಿ, ಮುಂದುವರಿಸಲು ಕಾನೂನಿನಲ್ಲೇ ಅವಕಾಶ ಇದೆ. ಹೀಗಾಗಿ ಈ ಗೆರೆ ದಾಟಿಸುವುದೇ ಗುರಿ ಅಂದುಕೊಂಡು ವರ್ಷವಿಡೀ ಟೆಸ್ಟ್ ಪುಸ್ತಕ ತಿರುವಿಸಬೇಡಿ ಅಂತ ನಾನು ಎಲ್ಲರಿಗೂ ಗಟ್ಟಿಯಾಗಿಯೇ ಹೇಳುತ್ತೇನೆ.

ಯಾವ ಟೆಸ್ಟ್ ಆರಿಸುವುದು? ಇಲ್ಲಿ ಜಾಸ್ತಿ ಹೆಸರು ಕೇಳಿಬರುವುದು ಮೂರು: ಕ್ಯಾಲಿಫೋರ್ನಿಯಾ, ಅಯೋವಾ, ಸ್ಟ್ಯಾನ್‌ಫರ್ಡ್. ಕ್ಯಾಲಿಫೋರ್ನಿಯಾ ಟೆಸ್ಟ್ ಮನೆಯಲ್ಲೇ ಅಪ್ಪ ಅಮ್ಮ ಯಾರು ಬೇಕಾದರೂ ನಡೆಸಬಹುದು, ಖರ್ಚೂ ಕಡಿಮೆ. ಅಯೋವಾ ವಿಶ್ವವಿದ್ಯಾಲಯದಲ್ಲಿ 1930ರ ದಶಕದಲ್ಲಿ ಹುಟ್ಟಿದ ಅಯೋವಾ ಟೆಸ್ಟ್‌ಗೆ ಗಡಿಯಾರ ಇಡಬೇಕು, ನಡೆಸುವವರಿಗೆ ಬ್ಯಾಚುಲರ್ ಡಿಗ್ರಿ ಕೇಳುತ್ತಾರೆ. ಸ್ಟ್ಯಾನ್‌ಫರ್ಡ್‌ಗೆ ಸಮಯದ ಮಿತಿ ಇಲ್ಲ. ನನ್ನ ಮಗಳು ನಿಧಾನಸ್ಥೆ. ಒಂದು ಪ್ಯಾರಾ ಓದಿದರೆ ಮತ್ತೆ ಮೇಲಿಂದ ಓದುತ್ತಾಳೆ, ಲೆಕ್ಕ ಮಾಡಿದರೆ ತಾಳೆ ನೋಡುತ್ತಾಳೆ. ಆ ಗುಣ ನನಗೆ ಇಷ್ಟ. ಅವಳ ಮುಂದೆ ಟೈಮರ್ ಇಟ್ಟರೆ ಅಳೆಯುವುದು ಅವಳ ಓದನ್ನಲ್ಲ, ಗಾಬರಿಯನ್ನು. ಅದಕ್ಕೇ ಸ್ಟ್ಯಾನ್‌ಫರ್ಡ್. ಪಟಪಟ ಅಂತ ಉತ್ತರ ಹೇಳುವ ಮಗುವಿಗೆ ಗಡಿಯಾರದ ಟೆಸ್ಟೇ ಸರಿಹೋಗಬಹುದು. ಆರಿಸುವಾಗ ಇನ್ನೊಂದು ವಿಷಯ ಕೇಳಿ: ಈ ಟೆಸ್ಟ್ ಯಾವ ವರ್ಷದ ಮಕ್ಕಳ ಜೊತೆ ಹೋಲಿಸುತ್ತದೆ ಅಂತ. ಹಳೇ ಆವೃತ್ತಿಯಾದರೆ ನಿಮ್ಮ ಮಗುವನ್ನು ಹೋಲಿಸುವುದೂ ಹಳೇ ಕಾಲದ ಮಕ್ಕಳ ಜೊತೆಗೇ.

ಟೆಸ್ಟನ್ನು ನಾನು ಏಪ್ರಿಲ್, ಮೇ ಹೊತ್ತಿಗೆ ಮುಗಿಸುತ್ತೇನೆ. ಜುಲೈವರೆಗೆ ಎಳೆದರೆ ಫಲಿತಾಂಶ ಬರುವ ಹೊತ್ತಿಗೆ ಆಗಸ್ಟ್ 1 ಎದುರಿಗೇ ಬಂದು ನಿಂತಿರುತ್ತದೆ. ಬೇಸಿಗೆ ರಜಕ್ಕೆ ಊರಿಗೆ ಹೋಗುವ ನಮ್ಮಂಥವರಿಗಂತೂ ಇದು ಮುಖ್ಯ. ಮೈಸೂರಿನಲ್ಲಿ ಅಜ್ಜಿ ಮನೆಯಲ್ಲಿ ಕೂತು ಕೌಂಟಿಗೆ ಕಾಗದ ಹೊಂದಿಸುವುದು ಯಾರಿಗೆ ಬೇಕು?

ತಯಾರಿ ಅಂತ ನಾನು ಮಾಡಿಸುವುದು ಬಹಳ ಕಡಿಮೆ. ಟೆಸ್ಟಿನ ಪ್ರಶ್ನೆಗಳನ್ನು ಮೊದಲೇ ತೋರಿಸುವುದು, ನಕಲು ಮಾಡಿಟ್ಟುಕೊಳ್ಳುವುದು ಮಾಡಬಾರದು. ಅದಕ್ಕಾಗಿಯೇ ಪ್ರಾಕ್ಟೀಸ್ ಪುಸ್ತಕ ಬೇರೆ ಸಿಗುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಬರದೇ ಇರುವುದು ಎಷ್ಟೋ ಸಲ ವಿಷಯವಲ್ಲ, ಟೆಸ್ಟಿನ ರೀತಿ. ಒಂದು ಉದಾಹರಣೆ ಕೊಡುತ್ತೇನೆ. ಪುಸ್ತಕದಲ್ಲಿ 48 × 21 ಸುಮಾರು ಎಷ್ಟಾಗುತ್ತದೆ ಅನ್ನುವ ಥರದ ಪ್ರಶ್ನೆ ಇತ್ತು. ಆಯ್ಕೆಗಳು 100, 500, 1000, 10,000. ಮಗಳು ಪಕ್ಕದ ಹಾಳೆಯಲ್ಲಿ ಗುಣಾಕಾರ ಮಾಡಿ 1008 ಅಂತ ಸರಿಯಾಗಿಯೇ ತೆಗೆದಳು. ಆಮೇಲೆ ನಾಲ್ಕೂ ಆಯ್ಕೆಗಳನ್ನು ಬೆರಳಿಟ್ಟು ನೋಡಿದಳು. "ಅಮ್ಮಾ, ಉತ್ತರವೇ ಇಲ್ಲ ಇಲ್ಲಿ" ಅಂದಳು. ಮಗ್ಗಿಯನ್ನು ಅವಳು ಅಜ್ಜಿಯಿಂದ ಕನ್ನಡದಲ್ಲೇ ಕಲಿತವಳು. ಏಳೆಂಟ್ಲ ಐವತ್ತಾರು ಅಂತ ತುಟಿಯಲ್ಲೇ ಗುಣುಗುತ್ತಾ ಕರಾರುವಾಕ್ಕಾಗಿ ಲೆಕ್ಕ ಮಾಡುತ್ತಾಳೆ. ಅಂದಾಜು ಮಾಡು ಅಂತ ಅವಳಿಗೆ ಯಾರೂ ಕೇಳಿರಲಿಲ್ಲ. 48ನ್ನು 50 ಅಂದುಕೋ, 21ನ್ನು 20 ಅಂದುಕೋ ಅಂದಿದ್ದಕ್ಕೆ ಒಂದೇ ಬೆಳಗ್ಗೆಯಲ್ಲಿ ಹಿಡಿದುಬಿಟ್ಟಳು.

ಅಳತೆಗಳದ್ದೂ ಹೀಗೆಯೇ. ನಮ್ಮ ಮನೆಯಲ್ಲಿ ಮಾತೆಲ್ಲ ಕೆಜಿ, ಲೀಟರ್, ಸೆಂಟಿಮೀಟರ್. ಟೆಸ್ಟಿನಲ್ಲಿ ಇಂಚು, ಔನ್ಸ್, ಪೈಂಟ್, ಗ್ಯಾಲನ್ ಬರುತ್ತವೆ. ಬೆಂಗಳೂರಿನಿಂದ ತಂದ ಪುಸ್ತಕಗಳಲ್ಲಿ ಕಲರ್, ಫೇವರಿಟ್ ಪದಗಳ ಸ್ಪೆಲಿಂಗಿನಲ್ಲಿ ಯು ಅಕ್ಷರ ಇರುತ್ತದೆ, ಇಲ್ಲಿ ಇರುವುದಿಲ್ಲ. ತಪ್ಪು ಸ್ಪೆಲಿಂಗ್ ಗುರುತಿಸು ಅನ್ನುವ ಅಭ್ಯಾಸದಲ್ಲಿ ಮಗಳು ಅಮೆರಿಕದ ಸ್ಪೆಲಿಂಗನ್ನೇ ತಪ್ಪು ಅಂತ ಗುರುತು ಹಾಕಿದ್ದಳು. ಮನೆಯಲ್ಲಿ ಭಾರತದ ಪುಸ್ತಕ ಓದಿಸುವವರು ಇದನ್ನು ಮೊದಲೇ ಹೇಳಿಕೊಡಿ. ಉಳಿದಂತೆ ಬಬಲ್ ಶೀಟಿನಲ್ಲಿ, ಅಂದರೆ ಉತ್ತರದ ಹಾಳೆಯಲ್ಲಿ, ಸರಿಯುತ್ತರದ ವೃತ್ತವನ್ನು ಪೆನ್ಸಿಲಿನಿಂದ ತುಂಬುವುದು, ಸಾಲು ತಪ್ಪದ ಹಾಗೆ ನೋಡಿಕೊಳ್ಳುವುದು, ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗಿ ಮತ್ತೆ ಬರುವುದು, ಇಷ್ಟು ಕಲಿಸಿದರೆ ಸಾಕು.

ಟೆಸ್ಟನ್ನು ಕೆಲವು ಬೆಳಗ್ಗೆಗಳಿಗೆ ಹಂಚುತ್ತೇನೆ. ತಿಂಡಿ ತಿಂದು, ಫೋನು ದೂರ ಇಟ್ಟು ಊಟದ ಮೇಜಿನಲ್ಲಿ ಕೂರುತ್ತೇವೆ. ಸೂಚನೆಗಳನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಬೇಕು, ಒಂದು ಮಾತೂ ಸೇರಿಸಬಾರದು. ದಿನಾ ಪಕ್ಕ ಕೂತು ಹೇಳಿಕೊಡುವ ತಾಯಿಗೆ ಇದೇ ಕಷ್ಟ. ಮಗು ಮುಖ ನೋಡುತ್ತದೆ, ನಮಗೆ ಉತ್ತರ ಗೊತ್ತಿದೆ, ಆದರೂ ಸುಮ್ಮನಿರಬೇಕು. ಅದಕ್ಕೇ ನಾನು ಮೇಜಿನ ಎದುರು ಕೂರದೆ, ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಕೂರುತ್ತೇನೆ.

ರಿಪೋರ್ಟ್ ಬಂದಾಗ ಓದುವ ರೀತಿ ಗೊತ್ತಿರಬೇಕು. ಒಂದು ಸಲ ಗಣಿತದಲ್ಲಿ ಮಗಳಿಗೆ 68 ಪರ್ಸೆಂಟೈಲ್ ಬಂದಿತ್ತು. ಫೋನಿನಲ್ಲಿ ಹೇಳಿದ್ದಕ್ಕೆ ಅತ್ತೆಯವರು "ಅರವತ್ತೆಂಟೇನಾ? ಹೋಗ್ಲಿ ಬಿಡಮ್ಮ, ಫಸ್ಟ್ ಕ್ಲಾಸ್ ಆಯ್ತಲ್ಲ" ಅಂತ ಸಮಾಧಾನ ಮಾಡಿದರು. ಅದು ಮಾರ್ಕ್ಸ್ ಅಲ್ಲ. ಅವಳ ಗ್ರೇಡಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ 68 ಮಕ್ಕಳಷ್ಟು ಅಥವಾ ಅವರಿಗಿಂತ ಚೆನ್ನಾಗಿ ಮಾಡಿದ್ದಾಳೆ ಅಂತ ಅರ್ಥ. 50 ಅಂದರೆ ಸರಿಯಾಗಿ ನಡುವೆ. ಗ್ರೇಡ್ ಇಕ್ವಿವಲೆಂಟ್ ಅನ್ನುವ ಕಾಲಂ ಇನ್ನೂ ದಾರಿ ತಪ್ಪಿಸುತ್ತದೆ. ನಾಲ್ಕನೇ ಗ್ರೇಡಿನ ಮಗುವಿಗೆ 7.2 ಬಂದರೆ ಏಳನೇ ಗ್ರೇಡಿನ ಪಾಠ ಬರುತ್ತದೆ ಅಂತಲ್ಲ. ನಾಲ್ಕನೇ ಗ್ರೇಡಿನ ಇದೇ ಪೇಪರನ್ನು ಏಳನೇ ಗ್ರೇಡಿನ ಸಾಧಾರಣ ಮಗು ಬರೆದಿದ್ದರೆ ಎಷ್ಟು ತೆಗೆಯುತ್ತಿತ್ತೋ ಅಷ್ಟು ತೆಗೆದಿದೆ, ಅಷ್ಟೇ. ಇದನ್ನು ನೋಡಿ ಎರಡು ಗ್ರೇಡ್ ಹಾರಿಸಿದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನನಗೆ ನಿಜವಾಗಿ ಉಪಯೋಗಕ್ಕೆ ಬರುವುದು ಒಳಗಿನ ಬಿಡಿ ಸ್ಕೋರುಗಳು. ಅದೇ ವರ್ಷ ಮಗಳಿಗೆ ಕೂಡು ಕಳೆ ಲೆಕ್ಕಗಳು ತುಂಬಾ ಮೇಲಿದ್ದವು, ಮಾತಿನಲ್ಲಿ ಕೊಟ್ಟ ಲೆಕ್ಕಗಳು ಕೆಳಗಿದ್ದವು. ಓದಿ ಅರ್ಥ ಮಾಡಿಕೊಳ್ಳುವುದು ಚೆನ್ನಾಗಿತ್ತು, ಅಲ್ಪವಿರಾಮ, ದೊಡ್ಡಕ್ಷರಗಳು ಸಾಲದು. ಒಟ್ಟು ಸ್ಕೋರ್ ಮಾತ್ರ ನೋಡಿದ್ದರೆ ಎಲ್ಲ ಸರಿಯಾಗಿದೆ ಅಂತಲೇ ಅನಿಸುತ್ತಿತ್ತು. ಮುಂದಿನ ವರ್ಷ ವರ್ಕ್‌ಶೀಟ್ ಕಡಿಮೆ ಮಾಡಿದೆ. ದಿನಕ್ಕೆ ಒಂದೇ ಮಾತಿನ ಲೆಕ್ಕ, ಅದನ್ನು ಮೊದಲು ತನ್ನ ಮಾತಿನಲ್ಲಿ ಹೇಳಬೇಕು, ಆಮೇಲೆ ಪೆನ್ಸಿಲ್. ವಾರಕ್ಕೊಮ್ಮೆ ಅಜ್ಜಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ, ಅದರಲ್ಲಿ ಗುರುತುಗಳನ್ನು ಅವಳೇ ತಿದ್ದಬೇಕು.

ಕೌಂಟಿಗೆ ಕಳಿಸುವಾಗ ಒಟ್ಟು ಸ್ಕೋರ್ ಇರುವ ಪುಟದ ನಕಲು ಕಳಿಸಿ, ಮೂಲಪ್ರತಿ ನಿಮ್ಮಲ್ಲೇ ಇರಲಿ. ಕಾನೂನು ಕೇಳಿದ್ದನ್ನು ಪೂರ್ತಿ ಕೊಡಿ, ಕೇಳದ್ದನ್ನು ಸೇರಿಸಬೇಡಿ. ತಲುಪಿದ್ದಕ್ಕೆ ಉತ್ತರ ಬಂದರೆ ಜೋಪಾನವಾಗಿಡಿ.

ಮಗನದ್ದು ಬೇರೆ ಕಥೆ. ಅವನಿಗೆ ಓದು ತಡವಾಗಿ ಹತ್ತಿತು. ಕಥೆ ಕೇಳಿ ಪೂರ್ತಿ ತಿರುಗಿ ಹೇಳುತ್ತಾನೆ, ಲೆಗೋದಲ್ಲಿ ಗೇರ್ ಜೋಡಿಸುತ್ತಾನೆ, ಆದರೆ ಪುಟ ತುಂಬಾ ಸಣ್ಣಕ್ಷರ ನೋಡಿದರೆ ಮುಖ ಸಣ್ಣದಾಗುತ್ತದೆ. ಅವನನ್ನು ಬಬಲ್ ಶೀಟಿನ ಮುಂದೆ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಲೈಸೆನ್ಸ್ ಇರುವ ಒಬ್ಬ ಟೀಚರ್ ಬಂದು ಅವನ ಜೊತೆ ಕೂತರು. ಸೆಪ್ಟೆಂಬರಿನಲ್ಲಿ ಓದಿದ ರೆಕಾರ್ಡಿಂಗ್, ಮೇ ತಿಂಗಳಲ್ಲಿ ಓದಿದ ರೆಕಾರ್ಡಿಂಗ್ ಎರಡನ್ನೂ ಕೇಳಿದರು. ಬರೆದ ಹಾಳೆಗಳನ್ನು ತಿಂಗಳ ಪ್ರಕಾರ ಜೋಡಿಸಿಟ್ಟಿದ್ದೆ, ಅವನ್ನೂ ನೋಡಿದರು. ಈ ದಾರಿ ಹಿಡಿಯುವವರು ವರ್ಷದ ಮೊದಲ ವಾರದಿಂದಲೇ ತಿಂಗಳಿಗೆ ಒಂದೆರಡು ಹಾಳೆ ದಿನಾಂಕ ಹಾಕಿ ಎತ್ತಿಡಿ. ಇಂಥ ಟೀಚರುಗಳಿಗೆ ಜೂನ್, ಜುಲೈನಲ್ಲಿ ಕೈತುಂಬ ಕೆಲಸ, ಏಪ್ರಿಲ್‌ನಲ್ಲೇ ಮಾತಾಡಿಟ್ಟುಕೊಳ್ಳಿ. ಪತ್ರದಲ್ಲಿ ಅವರ ಲೈಸೆನ್ಸ್ ವಿವರ ಮತ್ತು ಮಗು ಸಾಕಷ್ಟು ಬೆಳವಣಿಗೆ, ಪ್ರಗತಿ ತೋರಿದೆ ಅನ್ನುವ ಸ್ಪಷ್ಟ ವಾಕ್ಯ, ಎರಡೂ ಇವೆಯೇ ಅಂತ ಸಹಿ ಆಗುವ ಮುಂಚೆಯೇ ಓದಿ ನೋಡಿ.