ಬ್ರಿಟನ್ನಿನಲ್ಲಿ ಎಲೆಕ್ಟ್ರಿಕ್ ಕಾರು: ಕೊಳ್ಳುವ ಮುನ್ನ ನಿಲ್ಲಿಸುವ ಜಾಗ ನೋಡಿ

ಲೈಸೆನ್ಸ್, ವಿಮೆ, ಎಂಓಟಿ (ಕಾರು ಓಡಿಸಲು ಯೋಗ್ಯವೇ ಎಂಬ ವಾರ್ಷಿಕ) ತಪಾಸಣೆಗಳ ವಿಷಯವನ್ನು ಇಲ್ಲಿಗೆ ಬಂದ ತಿಂಗಳೊಳಗೆ ಎಲ್ಲರೂ ಸಹೋದ್ಯೋಗಿಗಳಿಂದ ತಿಳಿದುಕೊಂಡಿರುತ್ತಾರೆ, ಆದ್ದರಿಂದ ಅವನ್ನು ಬಿಡುತ್ತೇನೆ. ನಾನು ಮಾಡಿದ ಒಂದು ತಪ್ಪನ್ನು ಈ ವರ್ಷ ಪರಿಚಿತರಾದ ಎರಡು ಕುಟುಂಬಗಳು ಮಾಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ: ಕಾರು ನಿಲ್ಲಿಸಲು ಸ್ವಂತ ಜಾಗವಿಲ್ಲದ ಬಾಡಿಗೆ ಮನೆಯಲ್ಲಿದ್ದುಕೊಂಡು ಎಲೆಕ್ಟ್ರಿಕ್ ಕಾರು ಕೊಳ್ಳುವುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಂಘದವರೊಡನೆ ಜಗಳವಾಡಿಯಾದರೂ ನೆಲಮಾಳಿಗೆಯ ನಮ್ಮ ಪಾರ್ಕಿಂಗಿಗೆ ಒಂದು ಪಾಯಿಂಟ್ ಎಳೆಸಿಕೊಳ್ಳಬಹುದು. ಇಲ್ಲಿನ ಸಾಲುಮನೆಗಳಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸುವ ಪರ್ಮಿಟ್‌ಗೆ ಹಣ ಕಟ್ಟಿದರೂ ಮನೆಯ ಮುಂದಿನ ಜಾಗ ನಮ್ಮದಾಗುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮೂರಿನ ವ್ಯವಸ್ಥೆಯೇ ಮೇಲು. ನಾನು ಕಿಟಕಿಯಿಂದ ಕೇಬಲ್ ಇಳಿಸಿ ಕಾಲುದಾರಿಯ ಮೇಲೆ ಹಾಯಿಸಿದೆ. ಅನುಮತಿಯಿಲ್ಲದೆ ಹಾಗೆ ಮಾಡಬಾರದೆಂದು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಪತ್ರ ಬಂತು. ಬಳಿಕ ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿನಲ್ಲಿ ಚಾರ್ಜಿಗೆ ಹಾಕಿ ಮನೆಗೆ ಹೋಗಿ ನಿದ್ದೆ ಮಾಡಿದೆ. ನಿಲುಗಡೆಯ ಅವಧಿ ಮೀರಿದ್ದಕ್ಕೆ ದಂಡದ ಚೀಟಿ ಬಂತು.

ದಂಡಕ್ಕಿಂತ ದೊಡ್ಡ ನಷ್ಟ ದಿನನಿತ್ಯದ ಲೆಕ್ಕದಲ್ಲಿದೆ. 60 ಯೂನಿಟ್‌ನ ಬ್ಯಾಟರಿಯನ್ನು ಮನೆಯಲ್ಲಿ, ರಾತ್ರಿಯ ಅಗ್ಗದ ದರದಲ್ಲಿ, ಯೂನಿಟ್‌ಗೆ ಸುಮಾರು 8 ಪೆನ್ಸ್‌ನಂತೆ ತುಂಬಿದರೆ ಐದು ಪೌಂಡ್ ಕೂಡ ಆಗುವುದಿಲ್ಲ. ಅದನ್ನೇ ಮೋಟಾರ್‌ವೇ ಪಕ್ಕದ ವೇಗದ ಚಾರ್ಜರಿನಲ್ಲಿ 75 ಪೆನ್ಸ್‌ನಂತೆ ತುಂಬಿದರೆ 45 ಪೌಂಡ್. ಆ ಚಾರ್ಜಿನಲ್ಲಿ ಸುಮಾರು 210 ಮೈಲಿ ಓಡಬಹುದು. ಗ್ಯಾಲನ್ನಿಗೆ (ಸುಮಾರು 4.5 ಲೀಟರಿಗೆ) 45 ಮೈಲಿ ಓಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 1.40 ಪೌಂಡ್ ಎಂದು ಹಿಡಿದರೆ, ಅಷ್ಟೇ ದೂರಕ್ಕೆ ಸುಮಾರು 30 ಪೌಂಡ್ ಸಾಕು. ಅಂದರೆ ಕಾರು ನಿಲ್ಲಿಸಲು ಸ್ವಂತ ಅಂಗಳವಿದ್ದವನಿಗೆ ಉಳಿತಾಯ ಮಾಡಿಕೊಡುವ ಕಾರೇ ಅಂಗಳವಿಲ್ಲದವನಿಗೆ ಪೆಟ್ರೋಲಿಗಿಂತ ದುಬಾರಿ. ಚಳಿಗಾಲದಲ್ಲಿ ಹೀಟರ್ ಹಾಕಿ ಓಡಿಸಿದರೆ ಮೈಲಿಗಳು ಇನ್ನೂ ಕಡಿಮೆಯಾಗುತ್ತವೆ. ಎಲೆಕ್ಟ್ರಿಕ್ ಕಾರುಗಳಿಗಿದ್ದ ರಸ್ತೆ ತೆರಿಗೆಯ ವಿನಾಯಿತಿಯೂ 2025ರ ಏಪ್ರಿಲ್ 1ಕ್ಕೆ ಮುಗಿದಿದೆ; ಹಳೆಯ ಸಲಹೆಗಳನ್ನು ನಂಬಬೇಡಿ.

ಅಂಗಳವಿರುವ ಬಾಡಿಗೆ ಮನೆ ಸಿಕ್ಕರೆ, ಸಹಿ ಹಾಕುವ ಮೊದಲೇ ಚಾರ್ಜರ್ ಕೂರಿಸಲು ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ ಮತ್ತು ಸ್ಮಾರ್ಟ್ ಮೀಟರ್ ಇದೆಯೇ ಎಂದು ನೋಡಿ, ಏಕೆಂದರೆ ಅದಿಲ್ಲದೆ ರಾತ್ರಿಯ ಅಗ್ಗದ ದರ ಸಾಮಾನ್ಯವಾಗಿ ಸಿಗುವುದಿಲ್ಲ. ಮೂರು ಪಿನ್ನಿನ ಸಾಕೆಟ್ಟನ್ನೇ ನೆಚ್ಚಿಕೊಂಡರೆ ಖಾಲಿ ಬ್ಯಾಟರಿ ತುಂಬಲು ಒಂದು ದಿನಕ್ಕೂ ಹೆಚ್ಚು ಬೇಕು. 7 ಕಿಲೋವ್ಯಾಟ್ ಚಾರ್ಜರಿದ್ದರೆ ಒಂದು ರಾತ್ರಿ ಸಾಕು.

ಕಾರಿನ ಬಾಡಿಗೆಯನ್ನು ತೆರಿಗೆಗೆ ಮುನ್ನವೇ ಸಂಬಳದಿಂದ ಹಿಡಿದುಕೊಳ್ಳುವ ಕಂಪನಿಯ ಸಂಬಳ ಕಡಿತದ ಯೋಜನೆಯಲ್ಲಿ ಕಾರು ತೆಗೆದುಕೊಳ್ಳುವವರು, ನಡುವೆ ಕೆಲಸ ಬಿಟ್ಟರೆ ಎಷ್ಟು ಹಣ ಕಟ್ಟಬೇಕಾಗುತ್ತದೆ ಎಂಬ ಷರತ್ತನ್ನು ಓದಿಯೇ ಸಹಿ ಹಾಕಬೇಕು. ವೀಸಾ ಕೆಲಸಕ್ಕೆ ಅಂಟಿಕೊಂಡಿರುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ನಾನಂತೂ ಆ ಕಾರನ್ನು ನಷ್ಟಕ್ಕೆ ಮಾರಿ ಹಳೆಯ ಪೆಟ್ರೋಲ್ ಹೈಬ್ರಿಡ್ ಒಂದನ್ನು ಕೊಂಡೆ. ಅಂಗಳವಿರುವ ಮನೆಗೆ ಹೋಗುವವರೆಗೂ ಅದನ್ನೇ ಓಡಿಸುತ್ತೇನೆ.