ಮೃಗಾಲಯಕ್ಕೆ ಹೋಗಿ, ಪಾದ ನೋಡಿ ಬನ್ನಿ

ಮಕ್ಕಳಿಗೆ ಮನೆಯಲ್ಲೇ ಓದಿಸುವವರು ಮೃಗಾಲಯಕ್ಕೆ ಹೊರಟಾಗ ಮೊದಲು ಬಿಡಬೇಕಾದದ್ದು ಎಲ್ಲವನ್ನೂ ನೋಡಿ ಮುಗಿಸಬೇಕು ಅನ್ನುವ ಆಸೆಯನ್ನು. ಶಾಲೆಯ ಪ್ರವಾಸದಲ್ಲಿ ಅದು ಅನಿವಾರ್ಯ. ನೂರು ಮಕ್ಕಳು, ನಾಲ್ಕೈದು ಟೀಚರ್, ಹೊರಗೆ ಕಾಯುತ್ತಿರುವ ಬಸ್ಸು. ಪಾಪ, ಅವರೇನು ಮಾಡಲು ಸಾಧ್ಯ? ಆದರೆ ನಮಗೆ ಆ ಅವಸರ ಇಲ್ಲ. ಬೇಕಾದರೆ ಮುಂದಿನ ತಿಂಗಳು ಮತ್ತೆ ಹೋಗಬಹುದು. ಹಾಗಿದ್ದ ಮೇಲೆ ಒಂದು ದಿನಕ್ಕೆ ಒಂದೇ ವಿಷಯ ಹಿಡಿಯಿರಿ. ನನ್ನ ಸಲಹೆ: ಮೊದಲ ಸಲ ಪಾದ ಮಾತ್ರ ನೋಡಿ. ಮುಖ, ಬಾಲ, ಘರ್ಜನೆ ಎಲ್ಲ ಹೇಗೂ ಕಣ್ಣಿಗೆ ಬೀಳುತ್ತವೆ, ಅವಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾದವನ್ನು ಮಾತ್ರ ಯಾರೂ ನೋಡುವುದಿಲ್ಲ.

ನಾನು ಇಲ್ಲಿ ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ ಶುರುವಾದದ್ದು, ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಮರಗಳ ನೆರಳು ಚೆನ್ನಾಗಿದೆ, ನಮ್ಮ ಕಾಡಿನ ಪ್ರಾಣಿಗಳ ಜೊತೆಗೆ ಆಫ್ರಿಕಾದವೂ ಇವೆ, ಹೋಲಿಸಿ ನೋಡುವ ಪಾಠಕ್ಕೆ ಅದೇ ಬೇಕಾದದ್ದು. ಬೆಂಗಳೂರಿನವರಿಗೆ ಬನ್ನೇರುಘಟ್ಟ, ಮಂಗಳೂರಿನವರಿಗೆ ಪಿಲಿಕುಳ, ಶಿವಮೊಗ್ಗದವರಿಗೆ ತ್ಯಾವರೆಕೊಪ್ಪ, ಹೊಸಪೇಟೆ ಕಡೆಯವರಿಗೆ ಕಮಲಾಪುರದ್ದು ಹತ್ತಿರ. ವಿಧಾನ ಎಲ್ಲಕ್ಕೂ ಒಂದೇ.

ಹೊರಡುವ ಹಿಂದಿನ ವಾರ

ಪಾಠ ಗೇಟಿನಲ್ಲಿ ಶುರುವಾಗುವುದಲ್ಲ, ನಿಮ್ಮ ಬೀದಿಯಲ್ಲೇ ಶುರುವಾಗಬೇಕು. ಬೀದಿಯಲ್ಲಿ ಹಸು ಇರುತ್ತದೆ ಅಲ್ವಾ? ಅದರ ಗೊರಸು ನೋಡಲಿ, ಎರಡು ಭಾಗ. ಮೇಕೆಗೂ ಎರಡೇ. ನಾಯಿಗೆ ನೆಲಕ್ಕೆ ತಾಗುವ ನಾಲ್ಕು ಬೆರಳು, ಉಗುರು ಯಾವಾಗಲೂ ಹೊರಗೇ ಇರುತ್ತದೆ. ಬೆಕ್ಕಿನದು ಒಳಗೆ ಅಡಗಿರುತ್ತದೆ, ಬೇಕಾದಾಗ ಮಾತ್ರ ಹೊರಗೆ ಬರುತ್ತದೆ. ಕೋಳಿಗೆ ಮುಂದೆ ಮೂರು, ಹಿಂದೆ ಒಂದು. ಇವಿಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಚಿತ್ರ ಬರೆದು ಇಟ್ಟುಕೊಳ್ಳಲಿ. ಚಿತ್ರ ಚೆನ್ನಾಗಿರಬೇಕಾಗಿಲ್ಲ, ಬೆರಳಿನ ಎಣಿಕೆ ಸರಿ ಇದ್ದರೆ ಸಾಕು.

ಆಮೇಲೆ ಒಂದು ಪ್ರಶ್ನೆ ಹಾಕಿ, ಉತ್ತರ ಮಾತ್ರ ಹೇಳಬೇಡಿ: ಝೀಬ್ರಾಗೆ ಎಷ್ಟು ಬೆರಳು ಇರಬಹುದು? ಘೇಂಡಾಮೃಗಕ್ಕೆ? ಆನೆಗೆ? ಮಗು ಊಹೆ ಮಾಡಿ ಬರೆದಿಡಲಿ. ತಾನೇ ಊಹಿಸಿದ್ದು ಸರಿಯೋ ತಪ್ಪೋ ನೋಡಲು ಹೋಗುವ ಮಗುವಿನ ಕಣ್ಣೇ ಬೇರೆ. ಪಂಜರದ ಮುಂದೆ ನಿಂತು "ನೋಡು ನೋಡು" ಅಂತ ನೀವು ಒಮ್ಮೆಯೂ ಹೇಳಬೇಕಾಗುವುದಿಲ್ಲ.

ದಿನ ಆರಿಸುವ ವಿಷಯ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಶನಿವಾರ, ಭಾನುವಾರ ಜನ ಜಾಸ್ತಿ. ದಸರಾ ಸಮಯದಲ್ಲಂತೂ ಬೇಡವೇ ಬೇಡ, ಪಾದ ಕಾಣುತ್ತವೆ, ಆದರೆ ಎಲ್ಲ ಮನುಷ್ಯರದ್ದೇ. ಬುಧವಾರ ಅಥವಾ ಗುರುವಾರ ಬೆಳಗ್ಗೆ ಎಂಟೂವರೆಗೆ ಗೇಟು ತೆಗೆಯುವಾಗಲೇ ಅಲ್ಲಿರಿ. ಬೆಳಗಿನ ತಂಪಿನಲ್ಲಿ ಪ್ರಾಣಿಗಳು ಓಡಾಡುತ್ತಿರುತ್ತವೆ, ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಾಲು ಮಲಗಿಬಿಡುತ್ತವೆ. ಬೆಳಗ್ಗೆ ಹೋದರೆ ಹೂಲಕ್ ಗಿಬ್ಬನ್‌ಗಳು (ಬಾಲವಿಲ್ಲದ ಒಂದು ಜಾತಿಯ ವಾನರ) ಕೂಗುವುದನ್ನೂ ಕೇಳುವ ಅವಕಾಶ ಇರುತ್ತದೆ. ಅಷ್ಟು ಚಿಕ್ಕ ದೇಹದಿಂದ ಅಷ್ಟು ದೊಡ್ಡ ದನಿ ಬರುವುದನ್ನು ಮಕ್ಕಳು ಮರೆಯುವುದೇ ಇಲ್ಲ.

ತಿಂಡಿ ಹೊಟ್ಟೆ ತುಂಬ ತಿಂದು ಹೋಗಿ. ಪ್ಲಾಸ್ಟಿಕ್ ಮನೆಯಲ್ಲೇ ಬಿಡಿ, ಸ್ಟೀಲ್ ಬಾಟಲಿಯಲ್ಲಿ ನೀರು. ಬೈನಾಕ್ಯುಲರ್ ಇದ್ದರೆ ಬಹಳ ಒಳ್ಳೆಯದು, ಪಾದ ನೋಡಲು ಅದು ನಿಜಕ್ಕೂ ಬೇಕು. ನೋಟ್‌ಬುಕ್, ಎರಡು ಪೆನ್ಸಿಲ್, ಸೆಕೆಂಡು ತೋರಿಸುವ ಒಂದು ವಾಚು. ಫೋನ್ ನಿಮ್ಮ ಜೇಬಿನಲ್ಲೇ ಇರಲಿ. ಫೋಟೊ ತೆಗೆದುಬಿಟ್ಟರೆ "ಆಮೇಲೆ ನೋಡೋಣ" ಅನ್ನಿಸುತ್ತದೆ, ಆ ಆಮೇಲೆ ಯಾವತ್ತೂ ಬರುವುದಿಲ್ಲ.

ಒಳಗೆ ಹೋದ ಮೇಲೆ

ಐದಾರು ಪ್ರಾಣಿ ಮೊದಲೇ ಆರಿಸಿಕೊಳ್ಳಿ. ಒಂದೊಂದರ ಮುಂದೆ ಕಾಲು ಗಂಟೆಯಾದರೂ ನಿಲ್ಲಿ. ನಡುವೆ ಸಿಗುವ ಉಳಿದವನ್ನು ದಾರಿಯಲ್ಲಿ ನೋಡಿಕೊಂಡು ಹೋದರಾಯಿತು.

ಝೀಬ್ರಾಗೆ ಕಾಲಿಗೊಂದೇ ಬೆರಳು, ಒಂದೇ ಗೊರಸು. ಕುದುರೆಯ ಹಾಗೇ, ಎರಡೂ ಒಂದೇ ಕುಲದವು. ಮೈಸೂರಿನಲ್ಲಿ ಅದಕ್ಕೊಂದು ಅನುಕೂಲ ಇದೆ: ಹೊರಗೆ ಬಂದರೆ ಟಾಂಗಾ ಕುದುರೆ ಸಿಗುತ್ತದೆ, ಅದೇ ದಿನ ಅದರ ಕಾಲನ್ನೂ ನೋಡಿ ಹೋಲಿಸಬಹುದು. ಘೇಂಡಾಮೃಗಕ್ಕೆ ಮೂರು ಬೆರಳು. ನೀರಾನೆಗೆ ನಾಲ್ಕು. ಜಿರಾಫೆಗೂ ಕಾಟಿಗೂ ಎರಡೆರಡು. ಇಲ್ಲಿ ಸ್ವಲ್ಪ ನಿಂತು ಕೇಳಿ: ಯಾವುದಕ್ಕೆ ಹಸುವಿನ ಹಾಗೆ ಇದೆ, ಯಾವುದಕ್ಕೆ ಕುದುರೆಯ ಹಾಗೆ? ಗೊರಸಿನ ಪ್ರಾಣಿಗಳನ್ನು ವಿಜ್ಞಾನಿಗಳು ವಿಂಗಡಿಸುವುದು ಈ ಲೆಕ್ಕದಲ್ಲೇ, ಬೆಸ ಬೆರಳಿನವು ಒಂದು ಗುಂಪು, ಸಮ ಬೆರಳಿನವು ಇನ್ನೊಂದು. ಘೇಂಡಾಮೃಗ ನೋಡಲು ನೀರಾನೆಯ ಅಣ್ಣನ ಹಾಗಿದ್ದರೂ ಅದು ಕುದುರೆಯ ಕಡೆಯದ್ದು. ಇದನ್ನು ನೀವು ಹೇಳಬೇಡಿ. ಪಟ್ಟಿ ಬರೆದು ಮುಗಿಸಿದ ಮೇಲೆ ಒಂಬತ್ತು ಹತ್ತು ವರ್ಷದ ಮಗು ತಾನೇ ಕಂಡುಹಿಡಿಯುತ್ತದೆ.

ಆನೆಯ ಹತ್ತಿರ ಜಾಸ್ತಿ ಹೊತ್ತು ಕಳೆಯಿರಿ. ನಮ್ಮ ಆನೆಗೆ ಸಾಮಾನ್ಯವಾಗಿ ಮುಂಗಾಲಿಗೆ ಐದು ಉಗುರು, ಹಿಂಗಾಲಿಗೆ ನಾಲ್ಕು. ಆಫ್ರಿಕಾದ ಬಯಲು ಆನೆಗೆ ಸಾಮಾನ್ಯವಾಗಿ ನಾಲ್ಕು ಮತ್ತು ಮೂರು. ಕಿವಿಯಿಂದ ಗುರುತಿಸುವುದು ಎಲ್ಲರಿಗೂ ಗೊತ್ತು, ಉಗುರು ಎಣಿಸಿದವರು ಕಡಿಮೆ. ಸೊಂಡಿಲಿನ ತುದಿಯನ್ನೂ ನೋಡಲಿ, ನಮ್ಮ ಆನೆಗೆ ಅಲ್ಲಿ ಬೆರಳಿನಂತಹ ಒಂದು ಚಾಚು, ಆಫ್ರಿಕಾದ್ದಕ್ಕೆ ಎರಡು. ಇಷ್ಟು ಭಾರದ ಪ್ರಾಣಿ ಸದ್ದಿಲ್ಲದೆ ಹೇಗೆ ನಡೆಯುತ್ತದೆ ಅಂತ ಕೇಳಿ. ಒಳಗಿನ ಮೂಳೆ ನೋಡಿದರೆ ಆನೆ ಹೆಚ್ಚುಕಡಿಮೆ ಬೆರಳ ತುದಿಯಲ್ಲಿ ನಿಂತಿರುತ್ತದೆ, ಹಿಮ್ಮಡಿಯ ಕೆಳಗೆ ಕೊಬ್ಬಿನ ದಪ್ಪ ಮೆತ್ತೆ ಇದೆ. ಕಾಲು ಊರಿದಾಗ ಅದು ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಆನೆ ನಿಧಾನವಾಗಿ ಹೆಜ್ಜೆ ಹಾಕುವಾಗ ಅಂಚನ್ನು ಗಮನಿಸಿದರೆ ಕಾಣುತ್ತದೆ.

ಹುಲಿಯ ಉಗುರು ನಡೆಯುವಾಗ ಕಾಣದು. ಚೀತಾ ಕಾಣಿಸಿದರೆ ಅದರ ಉಗುರು ನೋಡಲಿ, ಪೂರ್ತಿ ಒಳಗೆ ಹೋಗುವುದಿಲ್ಲ, ಓಡುವಾಗ ನೆಲ ಹಿಡಿಯಲು ಬೇಕು. 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಮೈಸೂರಿಗೆ ಚೀತಾಗಳು ಬಂದವು. ಭಾರತದಲ್ಲಿ ಚೀತಾ ಅಳಿದುಹೋಯಿತು ಎಂದು 1952ರಲ್ಲೇ ಘೋಷಿಸಿದ್ದರು. ದೊಡ್ಡ ಮಕ್ಕಳ ಜೊತೆ ಅದರ ಕಥೆಯನ್ನೂ ಮಾತಾಡಬಹುದು. ಉಷ್ಟ್ರಪಕ್ಷಿಗೆ ಎರಡೇ ಬೆರಳು, ಎಮುಗೆ ಮೂರು. ಗೊರಿಲ್ಲಾಗಳು, 2021ರಲ್ಲಿ ಜರ್ಮನಿಯಿಂದ ಬಂದ ಥಾಬೋ ಮತ್ತು ಡೆಂಬಾ, ಮುಂಗೈಯ ಗೆಣ್ಣು ಊರಿ ನಡೆಯುತ್ತವೆ. ಮನೆಗೆ ಬಂದ ಮೇಲೆ ಮಕ್ಕಳು ಒಂದು ದಿನ ಪೂರ್ತಿ ಹಾಗೇ ನಡೆಯುತ್ತಾರೆ, ನಡೆಯಲಿ, ಅದೂ ಪಾಠವೇ.

ಜಿರಾಫೆಯ ಹತ್ತಿರ ಮಾತ್ರ ಪಾದದ ನಿಯಮ ಸ್ವಲ್ಪ ಸಡಿಲಿಸಿ. ಎತ್ತರದಲ್ಲಿ ಕಟ್ಟಿದ ಸೊಪ್ಪನ್ನು ಅದು ಕಪ್ಪು ನೇರಳೆ ನಾಲಿಗೆಯಿಂದ ಸುತ್ತಿ ಎಳೆದುಕೊಳ್ಳುವುದನ್ನು ನೋಡಿ. ಸುಮಾರು 45 ಸೆಂಟಿಮೀಟರ್ ಉದ್ದದ ನಾಲಿಗೆ, ಮನೆಯಲ್ಲಿ ಸ್ಕೇಲ್ ಹಿಡಿದು ತೋರಿಸಿ. ತಿಂದು ಮುಗಿಸಿದ ಮೇಲೆ ಹೊರಟುಬಿಡಬೇಡಿ, ಅಸಲಿ ವಿಷಯ ಆಗಲೇ ಶುರು. ಸ್ವಲ್ಪ ಹೊತ್ತಿಗೆ ಅದು ಮೆಲುಕು ಹಾಕುತ್ತದೆ. ಕತ್ತಿನ ಬುಡದಿಂದ ಒಂದು ಉಂಡೆ ಚರ್ಮದ ಅಡಿಯಲ್ಲಿ ಸರಸರನೆ ಮೇಲೇರುವುದು ಕಣ್ಣಿಗೆ ಕಾಣುತ್ತದೆ. ಬಾಯಿಗೆ ಬಂದ ಮೇಲೆ ಅಗಿಯುತ್ತದೆ, ನುಂಗುತ್ತದೆ, ಉಂಡೆ ಮತ್ತೆ ಕೆಳಗಿಳಿಯುತ್ತದೆ. ವಾಚು ಇದ್ದರೆ ಒಂದು ಉಂಡೆಗೆ ಎಷ್ಟು ಸೆಕೆಂಡು ಅಗಿಯುತ್ತದೆ ಅಂತ ಎಣಿಸಲಿ, ಊರಿಗೆ ಹೋದ ಮೇಲೆ ಅಜ್ಜಿ ಮನೆಯ ಹಸುವಿನ ಲೆಕ್ಕವನ್ನೂ ತೆಗೆದುಕೊಳ್ಳಲಿ. ಅಷ್ಟುದ್ದ ಕತ್ತಿನಲ್ಲೂ ಮೂಳೆ ಏಳೇ, ನಮ್ಮ ಕತ್ತಿನಲ್ಲಿರುವಷ್ಟೇ. ಕತ್ತು ಬಗ್ಗಿಸಿ ಬೆನ್ನಿನ ಮೇಲ್ಭಾಗದಲ್ಲಿ ಉಬ್ಬುವ ಮೂಳೆಯನ್ನು ಮಗು ತಾನೇ ಮುಟ್ಟಿ ನೋಡಲಿ.

ಮಲಗಿದ ಸಿಂಹ ಸಿಕ್ಕರೆ ಬೇಸರ ಬೇಡ. ಎಂಟು ವರ್ಷ ದಾಟಿದ ಮಕ್ಕಳಿಗೆ ಒಂದು ಕೋಷ್ಟಕ ಹಾಕಿಕೊಡಿ: ಮಲಗಿದೆ, ಕೂತಿದೆ, ನಡೆಯುತ್ತಿದೆ, ತಿನ್ನುತ್ತಿದೆ, ಬೇರೆ. ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಿ, ಆ ಕ್ಷಣದಲ್ಲಿ ಏನು ಮಾಡುತ್ತಿದೆಯೋ ಅದಕ್ಕೆ ಗೆರೆ ಹಾಕಬೇಕು. ಇಪ್ಪತ್ತು ನಿಮಿಷ. ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುವವರು ನಿಜವಾಗಿ ಬಳಸುವ ವಿಧಾನ ಇದು. ಮನೆಯಲ್ಲಿ ಅದನ್ನೇ ಗ್ರಾಫ್ ಮಾಡಿದರೆ ಗಣಿತದ ಕೆಲಸವೂ ಆಯಿತು. ಸಿಂಹ ದಿನದ ಬಹುಪಾಲು ಮಲಗಿಯೇ ಇರುವ ಪ್ರಾಣಿ, ಹಾಗಾಗಿ ಇಪ್ಪತ್ತೂ ಗೆರೆ ಒಂದೇ ಕಾಲಂನಲ್ಲಿ ಬಿದ್ದರೂ ಅದು ಸರಿಯಾದ ಉತ್ತರವೇ.

ನಾಲ್ಕೈದು ವರ್ಷದ ಮಕ್ಕಳಿಗೆ ಇದ್ಯಾವುದೂ ಬೇಡ. ಎರಡು ಪ್ರಾಣಿ ಸಾಕು. ಬಂದ ಮೇಲೆ ಜೇಡಿಮಣ್ಣಲ್ಲೋ ಚಪಾತಿ ಹಿಟ್ಟಲ್ಲೋ ಪಾದ ಮಾಡಿ ಒತ್ತಿ ಆಡಲಿ. ಸುಸ್ತಾದರೆ ಎತ್ತಿಕೊಂಡು ಒದ್ದಾಡಬೇಡಿ, ಬ್ಯಾಟರಿ ಗಾಡಿ ಇರುತ್ತದೆ.

ಮಗು ಕೇಳುವ ಕಷ್ಟದ ಪ್ರಶ್ನೆ

ನಿಧಾನವಾಗಿ ನೋಡುವ ಮಗು ಬೇಗನೆ ಕೇಳುತ್ತದೆ: "ಇದನ್ನು ಯಾಕೆ ಒಳಗೆ ಇಟ್ಟಿದ್ದಾರೆ?" ತಪ್ಪಿಸಿಕೊಳ್ಳಬೇಡಿ. ಕೆಲವು ಗಾಯಗೊಂಡು ಅಥವಾ ತಬ್ಬಲಿಯಾಗಿ ಬಂದವು, ಕಾಡಿಗೆ ಬಿಟ್ಟರೆ ಬದುಕಲಾರವು. ಬಹಳಷ್ಟು ಇಲ್ಲೇ ಅಥವಾ ಬೇರೆ ಮೃಗಾಲಯದಲ್ಲಿ ಹುಟ್ಟಿದವು. ಕೆಲವು ಜಾತಿ ಕಾಡಿನಲ್ಲಿ ಕಡಿಮೆಯಾಗುತ್ತಿವೆ, ಅವುಗಳ ಸಂತತಿ ಉಳಿಸುವ ಕೆಲಸವೂ ನಡೆಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕವನ್ನು ಇದಕ್ಕೆ ಉದಾಹರಣೆಯಾಗಿ ಹೇಳಬಹುದು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿ: ಒಂದೇ ಜಾಗದಲ್ಲಿ ಹಿಂದೆ ಮುಂದೆ ಒಂದೇ ಸಮ ನಡೆಯುವ ಪ್ರಾಣಿ ಕಂಡರೆ ಅದಕ್ಕೆ ಬೇಸರ ಅಥವಾ ಒತ್ತಡ ಇರಬಹುದು, ಹಗ್ಗ, ಟೈರು, ಮರದ ದಿಮ್ಮಿ, ಅಡಗಿಸಿಟ್ಟ ಆಹಾರ ಎಲ್ಲ ಕೊಡುವುದು ಅದಕ್ಕೇ. ಯಾವ ಆವರಣದಲ್ಲಿ ಏನೇನು ಇಟ್ಟಿದ್ದಾರೆ, ಪ್ರಾಣಿ ಅದನ್ನು ಬಳಸುತ್ತಿದೆಯಾ ಅಂತ ಹನ್ನೆರಡು ವರ್ಷದ ಮಗು ಚೆನ್ನಾಗಿ ಗಮನಿಸಬಲ್ಲದು. ಮೃಗಾಲಯ ಬೇಕೋ ಬೇಡವೋ ಅನ್ನುವುದನ್ನು ಅದೇ ಯೋಚಿಸಲಿ, ನಮ್ಮ ತೀರ್ಪು ಹೇರುವುದು ಬೇಡ.

ಅಕ್ಕಪಕ್ಕದಲ್ಲಿ ಯಾರಾದರೂ ಕೂಗಾಡುತ್ತಿದ್ದರೆ, ಕಲ್ಲೋ ತಿಂಡಿಯೋ ಎಸೆಯುತ್ತಿದ್ದರೆ, ಸುಮ್ನೆ ನೋಡಿಕೊಂಡು ನಿಲ್ಲಬೇಡಿ. ಜಗಳ ಬೇಕಾಗಿಲ್ಲ, ಹತ್ತಿರದ ಸಿಬ್ಬಂದಿಗೆ ಹೇಳಿ. ಮಗು ಪ್ರಾಣಿಯನ್ನು ನೋಡುವಷ್ಟೇ ನಿಮ್ಮನ್ನೂ ನೋಡುತ್ತಿರುತ್ತದೆ. ಪ್ರಾಣಿಪಾಲಕರು ಬಿಡುವಾಗಿ ಸಿಕ್ಕರೆ ಮಗುವೇ ಮಾತಾಡಿಸಲಿ. "ಇದಕ್ಕೆ ಏನು ಇಷ್ಟ?" ಅಂತ ಕೇಳಿದರೆ ಬೋರ್ಡಿನಲ್ಲಿ ಬರೆಯದ ಎಷ್ಟೋ ವಿಷಯ ಹೇಳುತ್ತಾರೆ.

ಮನೆಗೆ ಬಂದ ಮೇಲೆ

ಪ್ರಬಂಧ ಬರೆಸಬೇಡಿ, ದಯವಿಟ್ಟು. ಊಹೆಯ ಪಟ್ಟಿ, ನೋಡಿದ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ತಪ್ಪಾಯಿತು ಅಂತ ಮಾತಾಡಿ. ಬಯಲಲ್ಲಿ ಓಡುವ ಪ್ರಾಣಿಗೆ ಬೆರಳು ಯಾಕೆ ಕಡಿಮೆ, ಭಾರ ಹೊರುವ ಪ್ರಾಣಿಗೆ ಪಾದ ಯಾಕೆ ಅಗಲ, ಕೊಂಬೆಗೆ ಜೋತು ಬೀಳುವ ಗಿಬ್ಬನ್‌ಗೆ ಬೆರಳು ಯಾಕೆ ಅಷ್ಟುದ್ದ, ಹೀಗೆ ಒಂದೊಂದೇ ಎತ್ತಿಕೊಂಡರೆ ವಾರವಿಡೀ ಮಾತಿಗೆ ವಿಷಯ ಸಿಗುತ್ತದೆ. ದಿನಾಂಕ ಹಾಕಿ ನೋಟ್‌ಬುಕ್ ಜೋಪಾನವಾಗಿಡಿ. ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಬರೆಸುವ ಯೋಚನೆ ಇದ್ದವರಿಗೆ ಜೀವಶಾಸ್ತ್ರದ ಪುಟ ತೆರೆದಾಗ ಈ ಚಿತ್ರಗಳು ನೆನಪಿಗೆ ಬರುತ್ತವೆ.

ಮುಂದಿನ ಸಲಕ್ಕೆ ಬಾಯಿ ಮತ್ತು ಹಲ್ಲು, ಅದರ ಮುಂದಿನ ಸಲಕ್ಕೆ ಕಣ್ಣು ಇಟ್ಟುಕೊಳ್ಳಿ. ಪಕ್ಷಿಗಳ ಕೊಕ್ಕು ನೋಡುವ ದಿನ ಪಕ್ಕದ ಕಾರಂಜಿ ಕೆರೆಗೂ ಹೋಗಿ, ಅಲ್ಲಿ ಪಂಜರವಿಲ್ಲದ ಕೊಕ್ಕರೆಗಳೇ ಸಿಗುತ್ತವೆ. ಕೆರೆಯ ದಡದಲ್ಲೇ ಪ್ರಾದೇಶಿಕ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯವೂ ಇದೆ, ಮಳೆ ಬಂದರೆ ಅಲ್ಲಿಗೆ ನುಗ್ಗಬಹುದು. ಮಗುವಿಗೆ ಯಾವುದಾದರೂ ಒಂದು ಪ್ರಾಣಿಯ ಮೇಲೆ ಪ್ರೀತಿ ಹುಟ್ಟಿದ್ದರೆ ಮೃಗಾಲಯದ ದತ್ತು ಯೋಜನೆ ವಿಚಾರಿಸಿ. ಆನೆ ಹುಲಿಯೇ ಆಗಬೇಕೆಂದಿಲ್ಲ, ಚಿಕ್ಕ ಹಕ್ಕಿಗಳಿಗೆ ಮೊತ್ತ ಕಡಿಮೆ, ಹುಂಡಿಯಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಮಗು ತಾನೇ ಸ್ವಲ್ಪ ಹಾಕಲಿ, ಉಳಿದದ್ದು ನೀವು ಸೇರಿಸಿ.